ಮಾರುವವನ ಮೌನ

ಸುಳ್ಳಾಡುವುದು ತಪ್ಪೆಂಬುದನ್ನು ಒಪ್ಪದವರು ವಿರಳ. ಆದರೆ ನುಡಿಯಬೇಕಾದ ಸತ್ಯವನ್ನು ನುಡಿಯದೆ ಸುಮ್ಮನಿದ್ದುಬಿಡುವುದು ತಪ್ಪೋ ಅಲ್ಲವೋ ಎಂದು ಕೇಳಿದರೆ ಲೋಕದ ಉತ್ತರ ತಡವರಿಸುತ್ತದೆ. ‘ಅವನು ಕೇಳಲಿಲ್ಲ, ಇವನು ಹೇಳಲಿಲ್ಲ, ಇದರಲ್ಲಿ ಮೋಸವೆಲ್ಲಿ ಬಂತು?’ ಎಂಬ ಸಮಾಧಾನ ಸಂತೆಯಲ್ಲಿಯೂ ಪೇಟೆಯಲ್ಲಿಯೂ ಸುಲಭವಾಗಿ ದೊರೆಯುತ್ತದೆ. ಈ ಸಮಾಧಾನವು ಎಷ್ಟರಮಟ್ಟಿಗೆ ನಿಲ್ಲಬಲ್ಲದೆಂಬುದನ್ನು ನಿತ್ಯಜೀವನದ ಒಂದು ಸಾಧಾರಣ ಸಂಗತಿಯ ಮೇಲಿಟ್ಟು ಪರೀಕ್ಷಿಸುವುದು ಉಚಿತ.

ದೃಷ್ಟಾಂತಕ್ಕಾಗಿ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಒಬ್ಬ ಗೃಹಸ್ಥನನ್ನು ಭಾವಿಸಬಹುದು. ತೆಂಗಿನ ತೋಟ ಅವನ ಜೀವನಾಧಾರ. ಕೊಬ್ಬರಿ ಮಾರಿದ ಹಣದಲ್ಲಿ ಅಷ್ಟಿಷ್ಟು ಉಳಿಸಿ, ವೃದ್ಧೆಯಾದ ತಾಯಿಯನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯಲೂ ವರ್ಷಕ್ಕೊಮ್ಮೆ ಧರ್ಮಸ್ಥಳದ ಯಾತ್ರೆಗೂ ಅನುಕೂಲವಾಗಲೆಂದು ಒಂದು ಸೆಕೆಂಡ್‌ಹ್ಯಾಂಡ್ ಕಾರನ್ನು ಕೊಳ್ಳುತ್ತಾನೆ. ಬಣ್ಣ ಚೆನ್ನಾಗಿದೆ, ಎಂಜಿನ್ನಿನ ಸದ್ದು ಹಿತವಾಗಿದೆ, ಬೆಲೆ ಕೈಗೆಟುಕುವಂತಿದೆ. ಬ್ರೇಕಿನ ವಿಷಯವಾಗಿ ಅವನೂ ಕೇಳಲಿಲ್ಲ, ಮಾರಿದವನೂ ಹೇಳಲಿಲ್ಲ. ಎಂಟು ದಿನಗಳಾಗುವಷ್ಟರಲ್ಲಿ ಬ್ರೇಕಿನ ಪೆಡಲು ಕಾಲಿನಡಿ ಮೆಲ್ಲಮೆಲ್ಲನೆ ಕುಸಿಯತೊಡಗುತ್ತದೆ. ಮತ್ತೊಂದೆರಡು ದಿನಕ್ಕೆ, ಶಾಲೆ ಬಿಟ್ಟ ಹೊತ್ತಿನಲ್ಲಿ, ನಿಲ್ಲಬೇಕಾದಲ್ಲಿ ಕಾರು ನಿಲ್ಲದೆ ನಾಲ್ಕು ಮಾರು ಮುಂದೆ ಹೋಗಿ ನಿಲ್ಲುತ್ತದೆ. ದಾರಿ ದಾಟುತ್ತಿದ್ದ ಮಗುವೊಂದು ದೈವವಶಾತ್ ಆ ನಾಲ್ಕು ಮಾರಿನೊಳಗೆ ಇರಲಿಲ್ಲ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಹಿಂದಿನ ಚಕ್ರದ ಡ್ರಮ್ಮನ್ನು ಬಿಚ್ಚಿ ನೋಡುತ್ತಾನೆ. ಒಳಗೆಲ್ಲ ಎಣ್ಣೆಯ ತೇವ, ಲೈನರುಗಳು ನೆನೆದಿವೆ. “ಇದು ನಿನ್ನೆ ಮೊನ್ನೆಯ ಸೋರಿಕೆಯಲ್ಲ, ಸ್ವಾಮಿ. ಮೇಲಿಂದ ಆಯಿಲ್ ತುಂಬುತ್ತಾ ಓಡಿಸಿದ್ದಾರೆ” ಎಂದು ಅವನು ತೀರ್ಮಾನ ಹೇಳುತ್ತಾನೆ. ದುರಸ್ತಿಯ ಖರ್ಚು ಕೇಳಿ ಗೃಹಸ್ಥನು ಚಿಂತೆಗೊಳಗಾದಾಗ ಜೊತೆಗಿದ್ದ ಭಾವಮೈದುನನು ಮೆಲ್ಲನೆ ಒಂದು ಉಪಾಯ ಸೂಚಿಸುತ್ತಾನೆ: “ಭಾವ, ಇದಕ್ಕೆ ದುಡ್ಡು ಸುರಿಯುವುದೇಕೆ? ಆಯಿಲ್ ತುಂಬಿಸಿ, ತೊಳೆಸಿ, ಬಂದ ಬೆಲೆಗೆ ಕೊಟ್ಟುಬಿಡಿ. ನಿಮಗೆ ಅವರು ಹೇಳಿದರೇ? ನೀವೇಕೆ ಇನ್ನೊಬ್ಬರಿಗೆ ಹೇಳಬೇಕು?”

ನಿಜವಾದ ಪ್ರಶ್ನೆ ಹುಟ್ಟುವುದು ಇಲ್ಲಿ. ಕಾರನ್ನು ಕೊಂಡಾಗ ಈ ಗೃಹಸ್ಥನು ವಂಚಿತ. ಉಪಾಯವನ್ನು ಒಪ್ಪಿದ ಕ್ಷಣಕ್ಕೆ ಅವನೇ ವಂಚಕ. ಇವೆರಡರ ನಡುವೆ ಇರುವುದು ಒಂದು ಮೌನ ಮಾತ್ರ.

ಮೌನದ ತೂಕವನ್ನು ತಿಳಿಯಬೇಕಾದರೆ ಮೊದಲು ಬ್ರೇಕಿನ ಸ್ವರೂಪವನ್ನು ತಿಳಿಯಬೇಕು. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ತತ್ತ್ವವನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಎಂಬ ವಿದ್ವಾಂಸನು ನಿರೂಪಿಸಿದನು. ಕಾರಿನ ಬ್ರೇಕು ನಡೆಯುವುದು ಈ ತತ್ತ್ವದ ಮೇಲೆಯೇ. ಕಾಲು ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಎಣ್ಣೆಯು ಸಣ್ಣ ಕೊಳವೆಗಳ ಮೂಲಕ ಆ ಒತ್ತಡವನ್ನು ನಾಲ್ಕೂ ಚಕ್ರಗಳಿಗೆ ಮುಟ್ಟಿಸುತ್ತದೆ. ಎಲ್ಲಿಯಾದರೂ ಸೋರಿದರೆ ಒತ್ತಡ ನಿಲ್ಲದು. ಗಾಳಿ ಸೇರಿದರೆ ಗಾಳಿ ಕುಗ್ಗುವುದರಿಂದ ಪೆಡಲು ಮೆತ್ತಗಾಗುತ್ತದೆ. ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಸವೆದರೆ ಹೊರಗೆ ಒಂದು ತೊಟ್ಟೂ ಬೀಳದೆ ಪೆಡಲು ಕೆಳಗಿಳಿಯುತ್ತದೆ. ಎರಡು ಪ್ರತ್ಯೇಕ ಮಾರ್ಗಗಳಾಗಿ ಒತ್ತಡವನ್ನು ಹಂಚಿರುವ ಕಾರುಗಳಲ್ಲಿ ಒಂದು ಕೆಟ್ಟರೂ ಇನ್ನೊಂದು ಅಷ್ಟಿಷ್ಟು ಹಿಡಿಯುತ್ತದೆ. ಆದರೆ ನಿಲ್ಲುವ ದೂರ ಹೆಚ್ಚುತ್ತದೆ.

ಎಣ್ಣೆಯ ವಿಷಯವೂ ಹೀಗೆಯೇ. ಬ್ರೇಕಿನ ಎಣ್ಣೆಗೆ ಗಾಳಿಯಲ್ಲಿನ ತೇವವನ್ನು ಹೀರುವ ಸ್ವಭಾವವಿದೆ. ಡಾಟ್ 3 ಎಂಬ ದರ್ಜೆಯ ಎಣ್ಣೆ ಹೊಸತಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೂ ಕುದಿಯಬಾರದೆಂಬುದು ನಿಯಮ; ತೇವ ಹೀರಿದ ಎಣ್ಣೆಗೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಸಕಲೇಶಪುರವನ್ನು ದಾಟಿ ಶಿರಾಡಿ ಘಾಟಿಯನ್ನು ಇಳಿಯುವಾಗ ಬ್ರೇಕನ್ನೇ ನೆಚ್ಚಿ ಬಂದರೆ ಚಕ್ರದ ಬಳಿ ಶಾಖವೇರುತ್ತದೆ. ಹಳೆಯ ಎಣ್ಣೆ ಕುದಿದು ಆವಿಯಾದರೆ ಆ ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ಪೆಡಲು ನೆಲಕ್ಕೆ ತಾಗುತ್ತದೆ, ಗಾಡಿ ಮಾತ್ರ ನಿಲ್ಲದು. ಊರಿನ ಸಮತಟ್ಟಾದ ಬೀದಿಯಲ್ಲಿ ಸಣ್ಣದಾಗಿ ಕಂಡ ದೋಷವು ಘಾಟಿಯಲ್ಲಿ ಪ್ರಾಣದ ಪ್ರಶ್ನೆಯಾಗುವ ಬಗೆ ಇದು. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುವುದೆಂಬ ಗಣಿತವನ್ನೂ ಇದಕ್ಕೆ ಕೂಡಿಸಿದರೆ, ಬ್ರೇಕಿನ ವಿಷಯದಲ್ಲಿ ‘ಸಣ್ಣ ದೋಷ’ ಎಂಬ ಮಾತೇ ಸಲ್ಲದೆಂಬುದು ಸ್ಪಷ್ಟವಾಗುತ್ತದೆ.

ಇನ್ನು ಕಾನೂನು ಏನೆನ್ನುತ್ತದೆ? 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣವು ವಂಚನೆಯೆಂದರೆ ಏನೆಂಬುದನ್ನು ವಿವರಿಸುತ್ತದೆ. ತಿಳಿದ ಸಂಗತಿಯನ್ನು ಬೇಕೆಂದು ಮರೆಮಾಚುವುದು ವಂಚನೆ. ಬರಿಯ ಮೌನವು, ಮಾತಾಡುವ ಕರ್ತವ್ಯವಿಲ್ಲದಿದ್ದಲ್ಲಿ, ವಂಚನೆಯಲ್ಲ. ಇದನ್ನು ತಿಳಿಯಪಡಿಸಲು ಅಲ್ಲಿ ಕೊಟ್ಟಿರುವ ಉದಾಹರಣೆ ಒಂದು ಕುದುರೆಯದು. ಆ ಕಾಲಕ್ಕೆ ಕಾರಿರಲಿಲ್ಲ. ಒಬ್ಬನು ರೋಗಿಷ್ಠವೆಂದು ತಾನು ಬಲ್ಲ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ಏನೂ ಹೇಳುವುದಿಲ್ಲ. ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳೇ ಆಗಿದ್ದರೆ, ಆ ಸಂಬಂಧದ ಕಾರಣದಿಂದಲೇ ಹೇಳುವುದು ಅವನ ಕರ್ತವ್ಯವಾಗುತ್ತದೆ. ಇನ್ನೊಂದು ಉದಾಹರಣೆಯೂ ಅಲ್ಲಿದೆ: ‘ನೀನು ಅಲ್ಲಗಳೆಯದಿದ್ದರೆ ಕುದುರೆ ಸರಿಯಾಗಿದೆಯೆಂದು ತಿಳಿಯುತ್ತೇನೆ’ ಎಂಬರ್ಥದ ಮಾತನ್ನು ಕೊಳ್ಳುವವನು ಆಡಿದ ಮೇಲೆ ಮಾರುವವನು ಸುಮ್ಮನಿದ್ದರೆ, ಆ ಮೌನವು ಮಾತಿಗೆ ಸಮ.

ಇದರಿಂದ ಕೊಳ್ಳುವವನು ಕಲಿಯಬೇಕಾದ ಪಾಠವೂ ಉಂಟು. ಸಾಧಾರಣ ಎಚ್ಚರದಿಂದ ತಿಳಿಯಬಹುದಾಗಿದ್ದುದನ್ನು ವಿಚಾರಿಸದೆ ಕೊಂಡವನಿಗೆ, ಮಾರಿದವನ ಮೌನವನ್ನು ಮುಂದಿಟ್ಟು ಕರಾರನ್ನು ಮುರಿಯುವ ಹಕ್ಕಿಲ್ಲವೆಂದು ಅದೇ ಅಧಿನಿಯಮದ 19ನೆಯ ಪ್ರಕರಣ ಹೇಳುತ್ತದೆ. ಆದುದರಿಂದ ಬಾಯಿಬಿಟ್ಟು ಕೇಳಬೇಕು. ಪೆಡಲನ್ನು ಬಲವಾಗಿ ಒತ್ತಿ ಅರ್ಧ ನಿಮಿಷ ಹಿಡಿದು, ಅದು ಕುಸಿಯುವುದೋ ನಿಲ್ಲುವುದೋ ನೋಡಬೇಕು. ನಿರ್ಜನವಾದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಬ್ರೇಕು ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುವುದೋ, ಕಬ್ಬಿಣ ಉಜ್ಜಿದ ಸದ್ದು ಬರುವುದೋ ಗಮನಿಸಬೇಕು. ಚಕ್ರಗಳ ಒಳಮೈಯಲ್ಲಿ ತೇವವಿದೆಯೇ ಎಂದು ನೋಡಿ, ನಂಬಿಕೆಯ ಮೆಕ್ಯಾನಿಕ್ಕಿಗೆ ತೋರಿಸಿದ ಮೇಲೆ ಹಣ ಕೊಡಬೇಕು. ಬಣ್ಣಕ್ಕೆ ಮರುಳಾಗಿ ಬ್ರೇಕನ್ನು ಮರೆತವನಲ್ಲಿಯೂ ಅಷ್ಟರಮಟ್ಟಿಗೆ ದೋಷವುಂಟು.

ಆದರೆ ಕೊಳ್ಳುವವನ ಅಜಾಗರೂಕತೆಯು ಮಾರುವವನ ಮೌನವನ್ನು ತೊಳೆಯಲಾರದು. ಕುದುರೆಯ ಉದಾಹರಣೆಯನ್ನು ಕಾರಿಗೆ ಹಾಗೆಯೇ ಹೊಂದಿಸಲಾಗದಿರುವುದಕ್ಕೆ ಒಂದು ದೊಡ್ಡ ಕಾರಣವಿದೆ. ರೋಗದ ಕುದುರೆಯಿಂದ ನಷ್ಟವಾಗುವುದು ಬಹುಮಟ್ಟಿಗೆ ಕೊಂಡವನಿಗೆ. ಬ್ರೇಕು ಕೆಟ್ಟ ಕಾರಿನಿಂದ ನಷ್ಟವಾಗುವುದು ಆ ವ್ಯಾಪಾರದಲ್ಲಿ ಪಾಲೇ ಇಲ್ಲದ ಮೂರನೆಯವರಿಗೆ. ಶಾಲೆ ಬಿಟ್ಟು ಬರುವ ಮಗು, ಹುಲ್ಲಿನ ಹೊರೆ ಹೊತ್ತು ರಸ್ತೆ ದಾಟುವ ಹೆಂಗಸು, ಎದುರಿನಿಂದ ಸೈಕಲ್ಲಿನಲ್ಲಿ ಬರುವ ಮುದುಕ, ಇವರಲ್ಲಿ ಯಾರೂ ಬೆಲೆ ಮಾತಾಡಲಿಲ್ಲ. ಯಾರಿಗೂ ಗಾಡಿಯನ್ನು ಪರೀಕ್ಷಿಸುವ ಅವಕಾಶವಿರಲಿಲ್ಲ. ‘ಕೊಳ್ಳುವವನೇ ಎಚ್ಚರದಿಂದಿರಲಿ’ ಎಂಬ ಸೂತ್ರವನ್ನು ಇವರಿಗೆ ಯಾವ ಬಾಯಿಂದ ಹೇಳುವುದು?

1988ರ ಮೋಟಾರು ವಾಹನಗಳ ಅಧಿನಿಯಮವೂ ಈ ಮೂರನೆಯವರನ್ನು ಮರೆತಿಲ್ಲ. ಜನರಿಗೆ ಅಪಾಯ ತರುವಂಥ ದೋಷವಿದೆಯೆಂದು ತಿಳಿದೂ, ಅಥವಾ ಸಾಧಾರಣ ಎಚ್ಚರದಿಂದ ತಿಳಿಯಬಹುದಾಗಿದ್ದೂ, ಅಂಥ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವವನನ್ನೂ ಓಡಿಸಗೊಡುವವನನ್ನೂ ಅದರ 190ನೆಯ ಪ್ರಕರಣವು ದಂಡನೆಗೆ ಗುರಿಮಾಡುತ್ತದೆ. ಆದರೆ ಕಾನೂನಿನ ಕಣ್ಣು ಎಲ್ಲೆಡೆಯೂ ಇರಲಾರದು. ಸ್ವಂತ ಬಳಕೆಯ ಕಾರಿಗೆ ಒಮ್ಮೆ ನೋಂದಣಿಯಾದರೆ ಅದು 15 ವರ್ಷ ನಡೆಯುತ್ತದೆ. ಆ ಅವಧಿಯಲ್ಲಿ ಬಾಡಿಗೆಯ ವಾಹನಗಳಂತೆ ಮತ್ತೆಮತ್ತೆ ಅರ್ಹತಾ ಪತ್ರ ಪಡೆಯುವ ನಿರ್ಬಂಧ ಅದಕ್ಕಿಲ್ಲ. ಒಡೆತನ ಬದಲಾಗುವಾಗ ಮಾರುವವನು ಸಹಿ ಹಾಕುವ 29ನೆಯ ನಮೂನೆಯಲ್ಲಿಯೂ ಬ್ರೇಕು ಹೇಗಿದೆಯೆಂಬ ಪ್ರಶ್ನೆಯಿಲ್ಲ. ಹೀಗೆ ಯಾರೂ ಕೇಳದ ಕಡೆಯಲ್ಲಿ ಮನುಷ್ಯನ ಅರಿವೇ ಅವನನ್ನು ಕೇಳಬೇಕು. ಅರಿತ ಮೇಲೆ ಆಚರಿಸದಿದ್ದರೆ ಆ ಅರಿವು ಹೊರೆಯೇ ಹೊರತು ಬೆಳಕಲ್ಲ.

ಈ ದೃಷ್ಟಿಯಿಂದ ನೋಡಿದರೆ, ಮಗಳ ಉದಾಹರಣೆಯಲ್ಲಿ ಕಾನೂನೇ ಒಂದು ದೊಡ್ಡ ಸತ್ಯವನ್ನು ಒಪ್ಪಿಕೊಂಡಂತಿದೆ. ಪರರಿಗೆ ಹೇಳಬೇಕಿಲ್ಲ, ತನ್ನವರಿಗೆ ಹೇಳಲೇಬೇಕು. ಹಾಗಾದರೆ ಪರರು ಯಾರು, ತನ್ನವರು ಯಾರು? ಬಾಗಿಲಿಗೆ ಬಂದವನ ಕುಲಗೋತ್ರಗಳನ್ನು ಕೇಳದೆ ಮನೆಯವನೆಂದೇ ಭಾವಿಸುವುದನ್ನು ಬಸವಣ್ಣನವರು ಬೋಧಿಸಿದರು. ಆ ಬೋಧೆಯನ್ನು ಒಪ್ಪಿದವನಿಗೆ ಕಾರು ಕೊಳ್ಳಲು ಬಂದವನು ಹರಾಜಿನ ಅಪರಿಚಿತನಲ್ಲ, ಮನೆಯ ಮಗನೇ. ‘ನನ್ನ ಮಗಳು ಈ ಕಾರಿನಲ್ಲಿ ಶಿರಾಡಿ ಘಾಟಿಯನ್ನು ಇಳಿಯುವುದಾದರೆ ಹೇಳದೆ ಇರುತ್ತಿದ್ದೆನೇ?’ ಎಂದು ಮಾರುವವನು ತನ್ನನ್ನು ತಾನು ಕೇಳಿಕೊಂಡರೆ, ಯಾವ ಅಧಿನಿಯಮವನ್ನೂ ತೆರೆದು ನೋಡುವ ಅಗತ್ಯವಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ದೋಷವನ್ನು ಹೇಳಿದರೆ ಬೆಲೆ ಇಳಿಯುತ್ತದೆ. ಬಡವನು ಈ ನಷ್ಟವನ್ನು ಏಕೆ ಹೊರಬೇಕು? ಅವನೂ ಮೋಸಹೋದವನಲ್ಲವೇ?’ ಈ ಮಾತಿನಲ್ಲಿ ನೋವಿದೆ, ಅದನ್ನು ತಳ್ಳಿಹಾಕಲಾಗದು. ಆದರೆ ಹೇಳಿದುದರಿಂದ ಇಳಿಯುವ ಬೆಲೆ ಎಂಥದು? ಅದು ಇಲ್ಲದ ಬ್ರೇಕಿಗೆ ಬರಬೇಕಾಗಿದ್ದ ಹಣ. ಕೊಡದ ವಸ್ತುವಿಗೆ ಪಡೆದ ಬೆಲೆ ಕಾಯಕದ ಫಲವಲ್ಲ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಪತ್ನಿ ಲಕ್ಕಮ್ಮನು ಅದನ್ನು ಒಲೆಗೆ ಏರಿಸದೆ ಹಿಂದಿರುಗಿಸಿ ಬರಲು ಹೇಳಿದಳೆಂಬ ಕಥೆಯನ್ನು ಬಲ್ಲದವರಿಲ್ಲ. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದಲ್ಲ. ಆದರೂ ತಮ್ಮ ಪಾಲಿನದಲ್ಲವೆಂದು ಅವಳಿಗೆ ತೋರಿತು. ಲಕ್ಕಮ್ಮನ ಬಡತನವು ಈ ಗೃಹಸ್ಥನ ಬಡತನಕ್ಕಿಂತ ಕಡಿಮೆಯಾಗಿರಲಿಲ್ಲ.

ಹಾಗೆಂದು ಮೋಸಹೋದವನು ಸುಮ್ಮನೆ ಕೈಕಟ್ಟಿ ಕೂರಬೇಕೆಂದಲ್ಲ. ಮಾರಿದವನ ಮನೆಗೆ ಹೋಗಿ, ಮೆಕ್ಯಾನಿಕ್ಕಿನ ಮಾತನ್ನು ತಿಳಿಸಿ, ಖರ್ಚಿನಲ್ಲಿ ನ್ಯಾಯವಾದ ಪಾಲನ್ನು ಕೇಳುವುದು ಅವನ ಹಕ್ಕು. ಅವನು ಕೊಟ್ಟರೆ ಇಬ್ಬರಿಗೂ ಶ್ರೇಯಸ್ಸು. ಕೊಡದಿದ್ದರೂ ಹಿಂದಿನವನ ಮೌನವು ಮುಂದಿನವನ ಮೇಲೆ ತೀರಿಸಬೇಕಾದ ಸಾಲವಲ್ಲ. ಸಾಲವನ್ನು ಸಾಲ ಕೊಟ್ಟವನಿಗೆ ತೀರಿಸುತ್ತಾರೆ, ದಾರಿಹೋಕನಿಗೆ ತೀರಿಸುವುದುಂಟೇ?

ನುಗ್ಗೇಹಳ್ಳಿಯವರಿಗೆ ಈ ವಿಷಯದಲ್ಲಿ ದೂರದ ಆದರ್ಶ ಬೇಕಿಲ್ಲ. ಊರಿನ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದನು. ಅದರ ಹೊರಗೋಡೆಯ ವಿಗ್ರಹಗಳನ್ನು ಕಡೆದ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಾವು ಕಡೆದ ಮೂರ್ತಿಗಳ ಅಡಿಯಲ್ಲಿ ತಮ್ಮ ಹೆಸರನ್ನು ಕೆತ್ತಿಹೋಗಿದ್ದಾರೆ. ಕೆಲಸದ ಕೆಳಗೆ ಹೆಸರನ್ನಿಡುವುದೆಂದರೆ ಅದರ ಗುಣಕ್ಕೂ ದೋಷಕ್ಕೂ ತಾನೇ ಹೊಣೆಯೆಂದು ಲೋಕಕ್ಕೆ ಸಾರುವುದು. ಚಕ್ರದೊಳಗೆ ಕಾಣದಂತೆ ಕುಳಿತ ಒಂದು ರಬ್ಬರನ್ನು ಬದಲಿಸುವ ಮೆಕ್ಯಾನಿಕ್ಕೂ, ಮಾರಾಟದ ಕಾಗದಕ್ಕೆ ಸಹಿ ಹಾಕುವ ಒಡೆಯನೂ ತಮ್ಮ ಹೆಸರನ್ನು ಹಾಗೆಯೇ ಕೆತ್ತುತ್ತಿದ್ದಾರೆಂದು ತಿಳಿದು ನಡೆಯಬೇಕು.

ಆದುದರಿಂದ ಆ ಗೃಹಸ್ಥನು ಮಾಡತಕ್ಕದ್ದು ಇಷ್ಟೇ. ದುರಸ್ತಿಯಾಗುವವರೆಗೆ ಕಾರನ್ನು ರಸ್ತೆಗಿಳಿಸಬಾರದು. ಕೈಯಲ್ಲಿ ಹಣವಿದ್ದರೆ ಸೋರುವ ಭಾಗವನ್ನೂ ನೆನೆದ ಲೈನರುಗಳನ್ನೂ ಬದಲಿಸಿ, ಹಳೆಯ ಎಣ್ಣೆಯನ್ನು ತೆಗೆಸಿ ಹೊಸತನ್ನು ತುಂಬಿಸಿ, ಕೊಳವೆಗಳಲ್ಲಿನ ಗಾಳಿಯನ್ನು ತೆಗೆಸಿ, ರಸೀದಿಯನ್ನು ಇಟ್ಟುಕೊಳ್ಳಬೇಕು. ಹಣವಿಲ್ಲದೆ ಮಾರಲೇಬೇಕಾದರೆ, ‘ಬ್ರೇಕು ಕೆಟ್ಟಿದೆ, ಸರಿಪಡಿಸದೆ ಓಡಿಸಬೇಡಿ’ ಎಂದು ಬೆಲೆ ಮಾತಾಡುವುದಕ್ಕೆ ಮೊದಲೇ ಹೇಳಿ ಮಾರಬೇಕು. ಆಗ ಅವನಿಗೆ ಕೆಲವು ಸಾವಿರ ರೂಪಾಯಿ ನಷ್ಟವಾದೀತು. ಆದರೆ ಎಷ್ಟು ಕೈಗಳಿಂದ ದಾಟಿ ಬಂದಿತ್ತೋ ತಿಳಿಯದ ಆ ಮೌನವು ಅವನ ಅಂಗಳದಲ್ಲಿ ನಿಲ್ಲುತ್ತದೆ. ಅವನ ತಾಯಿ ನಿರ್ಭಯವಾಗಿ ಕಾರು ಹತ್ತುತ್ತಾಳೆ. ಶಾಲೆ ಬಿಟ್ಟ ಮಕ್ಕಳು ತಮಗೆ ತಪ್ಪಿದ ಅಪಾಯವನ್ನು ಅರಿಯದೆಯೇ ನಗುನಗುತ್ತಾ ರಸ್ತೆಯನ್ನು ದಾಟಿ ಮನೆ ಸೇರುತ್ತಾರೆ.