ಗಾಜಿನೊಳಗಿನ ಕಾಣದ ಬಿಗಿತ



ಶಾಲೆಯ ಪ್ರಯೋಗಾಲಯದಲ್ಲಿ ನೀವು ಕಂಡ ಪ್ರನಾಳ, ಬೀಕರುಗಳು ಯಂತ್ರಗಳಲ್ಲಿ ತಯಾರಾದಂಥವು. ಆದರೆ ಒಬ್ಬ ಸಂಶೋಧಕನ ಒಂದೇ ಪ್ರಯೋಗಕ್ಕೆ ಬೇಕಾದ, ಅಂಗಡಿಯಲ್ಲಿ ದೊರೆಯದ ಉಪಕರಣವನ್ನು ಇಂದಿಗೂ ಮನುಷ್ಯನೇ ಜ್ವಾಲೆಯ ಮುಂದೆ ಕುಳಿತು ಊದಿ ರೂಪಿಸಬೇಕಾಗುತ್ತದೆ. ಅಮೆರಿಕದ ನ್ಯೂಜೆರ್ಸಿಯ ಸೇಲಂ ಕಮ್ಯೂನಿಟಿ ಕಾಲೇಜಿನಲ್ಲಿ ಇದನ್ನು ಪದವಿ ವ್ಯಾಸಂಗವಾಗಿಯೇ ಕಲಿಸುತ್ತಾರೆ. ಬೇರೆಡೆ ಇದು ಬಹುಮಟ್ಟಿಗೆ ಗುರುವಿನ ಪಕ್ಕದಲ್ಲಿ ನಿಂತು ಕಲಿಯುವ ವಿದ್ಯೆ.

ಮೊದಲ ಪಾಠ ಊದುವುದಲ್ಲ, ತಿರುಗಿಸುವುದು! ಬೊರೋಸಿಲಿಕೇಟ್ ಗಾಜು ಸುಮಾರು 820 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೆದುವಾಗುತ್ತದೆ. ಆಗ ನಳಿಕೆಯ ಎರಡೂ ತುದಿಗಳನ್ನು ಎರಡು ಕೈಗಳು ಒಂದೇ ವೇಗದಲ್ಲಿ ತಿರುಗಿಸುತ್ತಿರಬೇಕು. ಒಂದು ಕೈ ಹಿಂದೆ ಬಿದ್ದರೆ ಗಾಜು ತಿರುಚಿಕೊಳ್ಳುತ್ತದೆ; ಎರಡೂ ನಿಂತರೆ ಜೋತುಬೀಳುತ್ತದೆ. ಈ ಒಂದನ್ನು ರೂಢಿಸಿಕೊಳ್ಳುವಷ್ಟರಲ್ಲಿ ಕಲಿಯುವವನು ಬಹಳಷ್ಟು ಗಾಜನ್ನು ಕೆಡಿಸಿರುತ್ತಾನೆ. ಅನಂತರ ಬರುವುದು ಎರಡು ನಳಿಕೆಗಳ ಜೋಡಣೆ. ಬಾಯಿಗಳನ್ನು ಕಾಯಿಸಿ ಕೂಡಿಸಿ, ರಬ್ಬರ್ ಕೊಳವೆಯ ಮೂಲಕ ಮೃದುವಾಗಿ ಊದಿ, ಮತ್ತೆ ಕಾಯಿಸಿ, ಮತ್ತೆ ಊದಿ, ಬೆಸುಗೆಯ ಗೆರೆ ಮಾಯವಾಗುವವರೆಗೆ ದುಡಿಯಬೇಕು.

ಕೆಲಸ ಮುಗಿಯಿತೆಂದು ನೋಡುವವರು ಭಾವಿಸುವುದು ಇಲ್ಲಿಯೇ. ವಾಸ್ತವದಲ್ಲಿ, ಬೇಗ ತಣಿದ ಭಾಗವೂ ತಡವಾಗಿ ತಣಿದ ಭಾಗವೂ ಒಂದನ್ನೊಂದು ಎಳೆಯುತ್ತಾ ಗಾಜಿನೊಳಗೆ ಬಿಗಿತ ಉಳಿದಿರುತ್ತದೆ. ಅದನ್ನು ಕಳೆಯಲು ಉಪಕರಣವನ್ನು ಕುಲುಮೆಯಲ್ಲಿ ಸುಮಾರು 560 ಡಿಗ್ರಿಯಲ್ಲಿರಿಸಿ, ನಿಧಾನವಾಗಿ ತಣಿಸಬೇಕು. ಹಾಗೆ ಮಾಡಿದ ಗಾಜಿಗೂ ಮಾಡದ ಗಾಜಿಗೂ ಬರಿಗಣ್ಣಿಗೆ ವ್ಯತ್ಯಾಸವೇ ಕಾಣದು.

ಈಗ ಹೀಗೆ ಭಾವಿಸಿ. ಸಂಜೆಯಾಗಿದೆ, ಬೆಳಗಾಗುವಷ್ಟರಲ್ಲಿ ಪಾತ್ರೆ ಬೇಕೆಂದು ಒತ್ತಾಯವಿದೆ. ಕೆಲಸಗಾರ ಕುಲುಮೆಯ ಹಂತವನ್ನು ಬಿಟ್ಟುಬಿಡುತ್ತಾನೆ. ಯಾರೋ ವಿದ್ಯಾರ್ಥಿನಿ ಆ ಪಾತ್ರೆಯೊಳಗಿನ ಗಾಳಿಯನ್ನು ಹೊರತೆಗೆಯುತ್ತಾಳೆ; ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರದಂತೆ ಅದನ್ನು ಒತ್ತುತ್ತದೆ. ಪಾತ್ರೆ ಅವಳ ಮುಖದೆದುರೇ ಸಿಡಿಯಬಹುದು. ಸಿಡಿಯದೆ ಹತ್ತು ವರ್ಷ ಬಾಳಲೂಬಹುದು. ಬಾಳಿದರೆ ಅವನು ನಿರ್ದೋಷಿಯೇ?

ಹಾನಿಯಾಗದಿದ್ದರೆ ತಪ್ಪೂ ಇಲ್ಲವೆಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ನನಗಂತೂ ಹಾಗೆ ತೋರುವುದಿಲ್ಲ. ಪಾತ್ರೆಯನ್ನು ಅವಳ ಕೈಗಿತ್ತ ಕ್ಷಣದಲ್ಲಿಯೇ ತಪ್ಪು ಪೂರ್ಣವಾಯಿತು. ಮುಂದಿನದು ಅದೃಷ್ಟದ ಮಾತು. ಬಿಗಿತದ ವಿಷಯವನ್ನೇ ಇನ್ನೂ ಕಲಿಯದ ಹೊಸಬನ ಮಾತು ಬೇರೆ. ಅವನ ಅಜ್ಞಾನವನ್ನು ಕ್ಷಮಿಸಬಹುದು.

ಕಠಿಣವಾದುದು ಇವೆರಡರ ನಡುವಿನ ಸ್ಥಿತಿ. ಕಾರ್ಯಾಗಾರದ ಮೇಜಿನ ಮೇಲೆ ಪೋಲಾರಿಸ್ಕೋಪ್ ಎಂಬ ಸರಳ ಸಾಧನವಿರುತ್ತದೆ. ಅದರ ಎರಡು ಫಲಕಗಳ ನಡುವೆ ಹಿಡಿದಾಗ, ಬಿಗಿತವಿರುವ ಗಾಜು ಕತ್ತಲ ಹಿನ್ನೆಲೆಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ನೋಡಲು ಅರೆನಿಮಿಷ ಸಾಕು. ಆದರೂ, ಕಂಡರೆ ಮತ್ತೆ ಕುಲುಮೆಗಿಡಬೇಕಾದೀತೆಂದು ನೋಡದೆಯೇ ಹೊರಡುವವನು, "ನನಗೆ ಗೊತ್ತಿರಲಿಲ್ಲ" ಎಂದು ನಾಳೆ ಹೇಳಿದರೆ, ಆ ಮಾತು ಅಕ್ಷರಶಃ ನಿಜ. ಅದನ್ನು ನೀವು ಸತ್ಯವೆನ್ನುವಿರಾ?