ಗೆಜ್ಜೆ ಕಟ್ಟುವ ಮುನ್ನ

ಕಂಪ್ಲಿ ಸೀಮೆಯ ಮೆಟ್ರಿಯಂಥ ಗ್ರಾಮದ ಸದ್ಭಕ್ತ ಗೃಹಸ್ಥನೊಬ್ಬನು ತನ್ನ ಆರು ವರ್ಷದ ಮಗಳನ್ನು ನೃತ್ಯದ ಮೊದಲ ಪಾಠಕ್ಕೆ ಕರೆದೊಯ್ಯಲು ಹೊರಟರೆ, ಮನೆಯ ಹಿರಿಯರು ಇಂದಿಗೂ ಹುಬ್ಬು ಗಂಟಿಕ್ಕುವುದುಂಟು. ನಮ್ಮ ಮನೆತನಕ್ಕೆ ಕುಣಿತವೇತಕ್ಕೆಂಬುದು ಅವರ ಆಕ್ಷೇಪ. ಇದನ್ನು ಹಳೆಯ ಕಾಲದ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಹುಸಿಯೂ ದಿಟವೂ ಅದರಲ್ಲಿ ಹೆಣೆದುಕೊಂಡಿವೆ.

ನೃತ್ಯವೇ ಹೇಯವೆಂಬುದು ಹುಸಿ. ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿದ್ದು ರಗಳೆಗಳನ್ನು ರಚಿಸಿದ ಹರಿಹರನು ಅಲ್ಲಮಪ್ರಭುವನ್ನು ಮದ್ದಳೆಕಾರನಾಗಿಯೇ ಚಿತ್ರಿಸಿದ್ದಾನೆ. ಪ್ರೌಢದೇವರಾಯನ ಕಾಲದ ಚಾಮರಸನ ಕಾವ್ಯದಲ್ಲಿಯೂ ಮಾಯೆಯ ನರ್ತನಕ್ಕೆ ಮದ್ದಳೆ ನುಡಿಸುವವನು ಪ್ರಭುವೇ. ಬಹುರೂಪಿ ಚೌಡಯ್ಯನಿಗೆ ವೇಷ ಹಾಕುವುದೇ ಕಾಯಕವಾಗಿತ್ತು. ಶರಣಪಥದಲ್ಲಿ ಕಲೆಗೆ ಬಾಗಿಲು ಮುಚ್ಚಿರಲಿಲ್ಲ, ಇಷ್ಟು ಸಾಕು.

ಮೊದಲ ದಿನದ ಪಾಠವನ್ನಾದರೂ ನೋಡಬೇಕು. ಮಗುವಿಗೆ ಅಲ್ಲಿ ಒಡನೆಯೇ ಕುಣಿಯಲು ಹೇಳುವುದಿಲ್ಲ. ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೇಳುತ್ತಾರೆ. ತುಳಿಯುವ ಮುನ್ನ ಭೂಮಿಯ ಕ್ಷಮೆ ಬೇಡುವುದು ಅದರ ಭಾವ. ಅನಂತರ ಅರಮಂಡಿ: ಮೊಣಕಾಲುಗಳನ್ನು ಹೊರಮುಖವಾಗಿ ಬಾಗಿಸಿ, ಬೆನ್ನನ್ನು ನೆಟ್ಟಗಿರಿಸಿ ನಿಲ್ಲುವುದು. ಗುರುವು ಮಣೆಯ ಮೇಲೆ ಕೋಲು ತಟ್ಟುತ್ತ ‘ತೈಯ ತೈ’ ಎನ್ನಲು, ಕೂಸು ಒಮ್ಮೆ ಬಲಗಾಲನ್ನು, ಒಮ್ಮೆ ಎಡಗಾಲನ್ನು ತಟ್ಟುತ್ತದೆ. ಇದೇ ತಟ್ಟಡವು. ಸ್ವಲ್ಪದರಲ್ಲಿಯೇ ಎಳೆಯ ತೊಡೆಗಳು ನಡುಗತೊಡಗುತ್ತವೆ. ಗೆಜ್ಜೆಯಿಲ್ಲ, ಬಣ್ಣವಿಲ್ಲ, ಚಪ್ಪಾಳೆ ತಟ್ಟುವವರಿಲ್ಲ.

ಇಂಥ ಪಾಠಶಾಲೆಯೊಂದು ಮೆಟ್ರಿಗೆ ದೂರವಲ್ಲದ ಹಂಪೆಯ ಅರಮನೆಯಲ್ಲಿಯೇ ಇತ್ತು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್ ಅದನ್ನು ವರ್ಣಿಸಿದ್ದಾನೆ. ಪ್ರತಿಯೊಂದು ನೃತ್ಯವು ಮುಗಿಯುವ ಭಂಗಿಯನ್ನು ಅಲ್ಲಿ ಫಲಕಗಳಲ್ಲಿ ಕೆತ್ತಿದ್ದರಂತೆ. ಕಲಿಯುವವಳು ಮರೆತರೆ ಅದನ್ನು ನೋಡಿ ನೆನಪಿಸಿಕೊಳ್ಳಬೇಕು. ಮೈಯನ್ನೂ ಕಾಲನ್ನೂ ಸಡಿಲಗೊಳಿಸಲು ಕೈಯಲ್ಲಿ ಹಿಡಿದು ಜೋಲುವುದಕ್ಕೆ ಒಂದೆಡೆಯನ್ನೂ ಮಾಡಿದ್ದರು. ಎಷ್ಟೊಂದು ಅಕ್ಕರೆಯ ವ್ಯವಸ್ಥೆ! ಆದರೆ ಆ ಹೆಣ್ಣುಮಕ್ಕಳಿಗೆ ಕಲಿಯುವ ಮನಸ್ಸಿತ್ತೋ ಇಲ್ಲವೋ, ಆ ಪ್ರವಾಸಿ ಬರೆದಿಲ್ಲ.

ಹಿರಿಯರ ಆಕ್ಷೇಪದಲ್ಲಿನ ದಿಟವು ಇಲ್ಲಿದೆ. ‘ಗೆಜ್ಜೆಪೂಜೆ’ ಎಂಬ ಒಂದೇ ಮಾತು ನಮ್ಮ ನಾಡಿನಲ್ಲಿ ಎರಡು ಅರ್ಥಗಳನ್ನು ಹೊತ್ತಿದೆ. ಇಂದು ಅದು ಕೆಲವು ವರ್ಷ ಅಭ್ಯಾಸ ಮಾಡಿದ ವಿದ್ಯಾರ್ಥಿನಿಯು ಮೊದಲ ಬಾರಿಗೆ ಗೆಜ್ಜೆ ಕಟ್ಟಿಕೊಳ್ಳುವ ಸಂಭ್ರಮ. ಹಿಂದೆ ಅದು ಎಳೆಯ ಹುಡುಗಿಯನ್ನು ಕುಲವೃತ್ತಿಗೆ ಕಟ್ಟಿಹಾಕುವ ವಿಧಿಯಾಗಿತ್ತು, ಎಂ. ಕೆ. ಇಂದಿರಾ ಅವರು ಅದೇ ಹೆಸರಿನಿಂದ ಕಾದಂಬರಿಯನ್ನೇ ಬರೆದರು. ಬಳ್ಳಾರಿ ಜಿಲ್ಲೆಯು ಮದರಾಸಿಗೆ ಸೇರಿದ್ದ 1947ರಲ್ಲಿ ಅಲ್ಲಿಯ ಸರಕಾರವು ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. 1982ರಲ್ಲಿ ಕರ್ನಾಟಕವೂ ಕಾಯಿದೆ ಮಾಡಿತು. ಹೆತ್ತವರ ಹರಕೆಯನ್ನೋ ಬಡತನವನ್ನೋ ತೀರಿಸುವುದಕ್ಕೆ ಮಗುವಿನ ಕಾಯವನ್ನು ಕೊಡಲಾಗುತ್ತಿತ್ತು. ಕಟ್ಟಿದ ಗೆಜ್ಜೆಯನ್ನು ಬಿಚ್ಚುವ ಅಧಿಕಾರ ಅವಳಿಗಿರಲಿಲ್ಲ.

ಇಂದಿನ ತಂದೆತಾಯಿಗಳನ್ನು ಆ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹರಕೆಯ ಸ್ಥಾನದಲ್ಲಿ ಬಂಧುಬಳಗದೆದುರಿನ ಪ್ರತಿಷ್ಠೆ ಬಂದು ಕುಳಿತರೆ, ಕೊಡುವವರ ಮನಸ್ಸು ಎಷ್ಟು ಬದಲಾದಂತಾಯಿತು? ಮಗುವು ಹುಟ್ಟಿದ್ದು ನಮ್ಮಲ್ಲಿ, ನಿಜ; ನಮ್ಮ ಆಸೆಗೆ ಮೀಸಲಾಗಿ ಹುಟ್ಟಿತೆಂದು ಯಾವ ಶರಣರೂ ಹೇಳಲಿಲ್ಲ.

ಹಾಗಾದರೆ ಮಗುವಿನ ಪ್ರತಿಯೊಂದು ಕಣ್ಣೀರಿಗೂ ಪಾಠವನ್ನು ನಿಲ್ಲಿಸಬೇಕೆ? ಅದೂ ಸಲ್ಲದು. ಅಕ್ಷರಾಭ್ಯಾಸದ ದಿನ ಅಳದ ಮಕ್ಕಳು ಎಷ್ಟು? ಆದರೆ ಅಕ್ಷರವಿಲ್ಲದಿದ್ದರೆ ಬಾಳಿನ ಹಲವು ಬಾಗಿಲುಗಳು ಮುಚ್ಚುತ್ತವೆ. ಅಲ್ಲಿ ಒತ್ತಾಯಕ್ಕೆ ಆಧಾರವುಂಟು. ನೃತ್ಯವಿಲ್ಲದೆಯೂ ಬಾಳು ತುಂಬೀತು. ಆದುದರಿಂದ ಇಲ್ಲಿ ಒತ್ತಾಯದ ಅಧಿಕಾರ ಚಿಕ್ಕದು. ಕಾಲಿನ ನೋವು ಬೇರೆ, ಮನಸ್ಸಿನ ಒಲ್ಲದಿಕೆ ಬೇರೆ. ಕಾಲು ನೊಂದ ಮಗು ಮನೆಗೆ ಬಂದು, ಯಾರೂ ಹೇಳದೆ ಪಡಸಾಲೆಯಲ್ಲಿ ‘ತೈಯ ತೈ’ ಎಂದು ತಟ್ಟುತ್ತದೆ. ಮನಸ್ಸು ಒಲ್ಲದ ಮಗು ಪಾಠದ ದಿನ ಬೆಳಗಿನಿಂದಲೇ ಮಂಕಾಗಿರುತ್ತದೆ. ಇದನ್ನರಿಯಲು ಶಾಸ್ತ್ರಜ್ಞಾನ ಬೇಡ; ಮೂರು ನಾಲ್ಕು ತಿಂಗಳು ಕಣ್ಣಿಟ್ಟು ನೋಡುವ ತಾಳ್ಮೆ ಬೇಕು.

ಆ ತಿಂಗಳುಗಳು ಕಳೆದ ಮೇಲೆ ಕೂಸು ‘ಯಪ್ಪಾ, ನಾ ಒಲ್ಲೆ’ ಎಂದಿತೆನ್ನೋಣ. ವರ್ಷದ ಶುಲ್ಕ ಕೊಟ್ಟಾಗಿದೆ, ಬೀಗರಿಗೆಲ್ಲ ಹೇಳಿಯಾಗಿದೆ, ಊರ ಜಾತ್ರೆಯ ವೇದಿಕೆಗೆ ಹೆಸರನ್ನೂ ಬರೆಸಿಯಾಗಿದೆ. ಆ ತಂದೆಯು ಮಗಳ ಮಾತನ್ನು ಕಿವಿಗೆ ಹಾಕಿಕೊಂಡಾನೆಯೆ?