ಬಾಗಿಲಲ್ಲಿ ನಿಂತ ಕೃಪ

ಸೌಪ್ತಿಕ ಪರ್ವವನ್ನು ನಾವು ಅಶ್ವತ್ಥಾಮನ ಕತೆಯೆಂದೇ ಕೇಳುತ್ತ ಬಂದಿದ್ದೇವೆ. ತೊಡೆ ಮುರಿದು ಬಿದ್ದ ದುರ್ಯೋಧನ, ಆಲದ ಮರದಲ್ಲಿ ಮಲಗಿದ್ದ ಕಾಗೆಗಳನ್ನು ಕೊಲ್ಲುವ ಗೂಬೆ, ಆಮೇಲೆ ಪಾಂಡವರ ಬೀಡಿನಲ್ಲಿ ನಿದ್ದೆಯಲ್ಲೇ ಹೆಣವಾದವರು. ಆ ರಾತ್ರಿ ಮರದ ಕೆಳಗೆ ಇದ್ದವರು ಮೂವರು ಎಂಬುದನ್ನು ಮರೆಯುತ್ತೇವೆ. ಕೃತವರ್ಮನಿದ್ದ, ಕೃಪನೂ ಇದ್ದ. ಮಲಗಿದವರನ್ನು, ಆಯುಧ ಕೆಳಗಿಟ್ಟವರನ್ನು ಕೊಲ್ಲುವುದು ಧರ್ಮವಲ್ಲ, ಈ ರಾತ್ರಿ ವಿಶ್ರಮಿಸು, ಬೆಳಗಾದ ಮೇಲೆ ಕವಚ ತೊಟ್ಟು ಎದುರೆದುರು ನಿಂತು ಹೋರಾಡೋಣ ಎಂದು ಸೋದರಳಿಯನಿಗೆ ಬುದ್ಧಿ ಹೇಳಿದವನು ಕೃಪ. ಅಶ್ವತ್ಥಾಮನ ಉತ್ತರವೂ ಗೊತ್ತಿರುವಂಥದ್ದೇ: ಧರ್ಮದ ಸೇತುವೆಯನ್ನು ಅವರೇ ಮೊದಲು ನೂರು ಚೂರು ಮಾಡಿದ್ದಾರೆ, ನನ್ನ ತಂದೆಯನ್ನು ಸುಳ್ಳಾಡಿ ಕೊಂದರು, ಈಗ ನನಗೇಕೆ ಧರ್ಮ ಹೇಳುತ್ತೀರಿ?

ಇಷ್ಟು ವಾದವಾದ ಮೇಲೆ ಕೃಪ ಏನು ಮಾಡಿದ? ರಥ ಹತ್ತಿ ಹಿಂದೆಯೇ ಹೋದ. ಬೀಡಿನ ಬಾಗಿಲಲ್ಲಿ ಕೃತವರ್ಮನ ಜೊತೆ ನಿಂತು, ಒಳಗಿಂದ ಹೆದರಿ ಓಡಿ ಬಂದವರನ್ನು ಕಡಿದ. ಇಬ್ಬರೂ ಸೇರಿ ಮೂರು ಕಡೆ ಬೆಂಕಿಯನ್ನೂ ಇಟ್ಟರು. ಐವರು ಪಾಂಡವರು ಆ ರಾತ್ರಿ ಅಲ್ಲಿರಲೇ ಇಲ್ಲ, ಅವರ ಮಕ್ಕಳಿದ್ದರು.

ಯುದ್ಧದಲ್ಲಿ ಊರುಗಳ ಮೇಲೆ ಬಾಂಬು ಹಾಕುವುದು ಸರಿಯೋ ತಪ್ಪೋ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಅಶ್ವತ್ಥಾಮನಿಗಿಂತ ಈ ಕೃಪನೇ ಹೆಚ್ಚು ಕಾಡುತ್ತಾನೆ. ಸೇಡಿನಿಂದ ಕುರುಡಾದವರು ಎಲ್ಲ ಕಾಲದಲ್ಲೂ ಇರುತ್ತಾರೆ. ಆದರೆ ಅವರೊಬ್ಬರಿಂದಲೇ ಒಂದು ಮಹಾನಗರ ಸುಟ್ಟುಹೋಗುವುದಿಲ್ಲ. ಅದಕ್ಕೆ ಲೆಕ್ಕ ಬಲ್ಲವರು, ನಕ್ಷೆ ಓದಬಲ್ಲವರು, ಮನೆಯಲ್ಲಿ ಸಭ್ಯರಾಗಿ ಬಾಳುವವರು ಸಾವಿರಾರು ಮಂದಿ ಬೇಕು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಈ ದಾರಿ ಹಿಡಿದದ್ದು ಹೇಗೆಂದು ನೋಡಿದರೆ, ಮೊದಲ ಕಾರಣ ದ್ವೇಷವಲ್ಲ, ಕೈಲಾಗದಿರುವಿಕೆ. ಹಗಲು ಹೋದರೆ ಜರ್ಮನರು ವಿಮಾನಗಳನ್ನು ಹೊಡೆದುರುಳಿಸುತ್ತಿದ್ದರು. ರಾತ್ರಿ ಹೋದರೆ ಏನೂ ಕಾಣುತ್ತಿರಲಿಲ್ಲ. 1941ರ ಆಗಸ್ಟಿನಲ್ಲಿ ಬಟ್ ಎಂಬ ಅಧಿಕಾರಿ ವಿಮಾನಗಳು ತೆಗೆದ ಫೋಟೊಗಳನ್ನು ಪರೀಕ್ಷಿಸಿ ವರದಿ ಕೊಟ್ಟ. ಗುರಿ ಮುಟ್ಟಿದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯ ಐದು ಮೈಲಿಯೊಳಗೆ ಹೋಗಿತ್ತು. ಕಾರ್ಖಾನೆಗೆ ಗುರಿಯಿಟ್ಟ ಬಾಂಬು ಯಾರದೋ ಗೋಧಿ ಹೊಲಕ್ಕೆ ಬೀಳುತ್ತಿತ್ತು. ಹೊಡೆಯಲು ಆಗುತ್ತಿಲ್ಲವಾದರೆ ಹೊಡೆಯುವುದನ್ನು ಬಿಡಬೇಕು, ಇಲ್ಲವೇ ಕೈಗೆ ಸಿಗುವಷ್ಟು ದೊಡ್ಡದಾದ ಗುರಿಯನ್ನು ಹುಡುಕಬೇಕು. ಅವರು ಎರಡನೆಯದನ್ನು ಆರಿಸಿಕೊಂಡರು. ರಾತ್ರಿಯ ಕತ್ತಲಲ್ಲೂ ತಪ್ಪದೆ ಸಿಗುವಷ್ಟು ದೊಡ್ಡದು ಎಂದರೆ ಊರು. 1942ರ ಫೆಬ್ರವರಿ 14ರಂದು ಹೊರಟ ಆದೇಶ, ಇನ್ನು ಮುಂದೆ ಶತ್ರುದೇಶದ ಸಾಮಾನ್ಯ ಜನರ, ಅದರಲ್ಲೂ ಕಾರ್ಖಾನೆ ಕೆಲಸಗಾರರ ಮನೋಬಲವೇ ಮುಖ್ಯ ಗುರಿ ಎಂದಿತು. ಮೊದಲು ಆಯುಧ, ಆಮೇಲೆ ಅದಕ್ಕೆ ಒಪ್ಪುವ ಗುರಿ, ಕೊನೆಗೆ ಆ ಗುರಿಗೆ ಒಪ್ಪುವ ನ್ಯಾಯ. ಈ ಕ್ರಮವನ್ನು ನಾನು ಇಡೀ ವಿಷಯದ ತಿರುಳೆಂದು ತಿಳಿದಿದ್ದೇನೆ.

ಅದೇ ವರ್ಷದ ಮಾರ್ಚಿನಲ್ಲಿ ಚರ್ಚಿಲ್‌ರ ವಿಜ್ಞಾನ ಸಲಹೆಗಾರ ಲಿಂಡೆಮನ್ ಒಂದು ಚಿಕ್ಕ ಟಿಪ್ಪಣಿ ಬರೆದರು. ಒಂದು ಟನ್ ಬಾಂಬಿನಿಂದ ನೂರರಿಂದ ಇನ್ನೂರು ಜನ ಮನೆ ಕಳೆದುಕೊಳ್ಳುತ್ತಾರೆ. ಜರ್ಮನಿಯ 58 ದೊಡ್ಡ ಊರುಗಳ ಮೇಲೆ ಇಷ್ಟಿಷ್ಟು ಹಾಕಿದರೆ ದೇಶದ ಮೂರನೇ ಒಂದು ಪಾಲು ಜನ ಬೀದಿಗೆ ಬರುತ್ತಾರೆ, ಆಗ ಅವರ ಎದೆಗಾರಿಕೆ ಕುಸಿಯುತ್ತದೆ ಎಂಬುದು ಲೆಕ್ಕ. ಈ ಲೆಕ್ಕಕ್ಕೆ ಆಧಾರವಾದದ್ದು ಜರ್ಮನರ ಬಾಂಬಿಗೆ ಸಿಕ್ಕ ಬ್ರಿಟನ್ನಿನ ಹಲ್ ಮತ್ತು ಬರ್ಮಿಂಗ್‌ಹ್ಯಾಮ್ ಊರುಗಳ ಸಮೀಕ್ಷೆ. ಅಲ್ಲಿನ ಜನ ಎದೆಗುಂದಿರಲಿಲ್ಲ ಎಂದು ಅದೇ ಸಮೀಕ್ಷೆ ಹೇಳಿತ್ತು. ಟಿಪ್ಪಣಿಯಲ್ಲಿ ಮನೆಗಳ ಸಂಖ್ಯೆ ಉಳಿಯಿತು, ಆ ಮಾತು ಉಳಿಯಲಿಲ್ಲ.

ಟಿಪ್ಪಣಿಗೆ ವಿರೋಧ ಬರಲಿಲ್ಲವೇ? ಬಂತು. ಟಿಜಾರ್ಡ್, ಬ್ಲ್ಯಾಕೆಟ್ ಎಂಬ ಇಬ್ಬರು ದೊಡ್ಡ ವಿಜ್ಞಾನಿಗಳು ತಗಾದೆ ತೆಗೆದರು. ಅಂದಾಜು ಐದಾರು ಪಟ್ಟು ಹೆಚ್ಚಾಗಿದೆ, ಅಷ್ಟು ಮನೆ ಬೀಳುವುದಿಲ್ಲ ಎಂಬುದು ಅವರ ತಗಾದೆ. ಅವರ ಲೆಕ್ಕವೇ ಸತ್ಯಕ್ಕೆ ಹೆಚ್ಚು ಹತ್ತಿರವಿತ್ತು. ಆದರೆ ಮನೆ ಬೀಳಿಸುವುದೇ ಗುರಿಯಾಗಬಹುದೇ ಎಂಬ ಪ್ರಶ್ನೆ ಆ ಕಾಗದಗಳ ನಡುವೆ ಎಲ್ಲೂ ತಲೆ ಎತ್ತಲಿಲ್ಲ. ಅದನ್ನು ಕೇಳಲು 1944ರ ಫೆಬ್ರವರಿಯಲ್ಲಿ ಜಾರ್ಜ್ ಬೆಲ್ ಎಂಬ ಬಿಷಪ್ ಲಾರ್ಡ್ಸ್ ಸಭೆಯಲ್ಲಿ ಎದ್ದು ನಿಲ್ಲಬೇಕಾಯಿತು. ಬೆಲ್ ಯುದ್ಧವಿರೋಧಿಯಲ್ಲ, ಹಿಟ್ಲರನನ್ನು ಸೋಲಿಸಲೇಬೇಕೆಂದವರು, ಕಾರ್ಖಾನೆ, ರೈಲು ಹೊಡೆಯುವುದಕ್ಕೆ ಅವರ ಆಕ್ಷೇಪವಿರಲಿಲ್ಲ. ಇಡೀ ಊರನ್ನೇ ಒರೆಸಿಹಾಕುವುದು ಬೇರೆ ಎಂದರು. ಸಭೆ ಕೇಳಿಸಿಕೊಂಡಿತು, ಬಾಂಬುಗಳು ನಿಲ್ಲಲಿಲ್ಲ.

ಅಷ್ಟರಲ್ಲಾಗಲೇ ಹ್ಯಾಂಬರ್ಗ್ ಸುಟ್ಟುಹೋಗಿತ್ತು. 1943ರ ಜುಲೈ 27ರ ರಾತ್ರಿ, ಬೇಸಗೆಯ ಒಣಹವೆಯಲ್ಲಿ, ಕೂಲಿಕಾರರು ಕಿಕ್ಕಿರಿದಿದ್ದ ಹ್ಯಾಮರ್‌ಬ್ರೂಕ್ ಮುಂತಾದ ಕೇರಿಗಳ ಮೇಲೆ ಬಿದ್ದ ಬೆಂಕಿಬಾಂಬುಗಳು ಒಂದಕ್ಕೊಂದು ಕೂಡಿಕೊಂಡು ಬಿರುಗಾಳಿಯಾದವು. ಉರಿ ಸುತ್ತಲಿನ ಗಾಳಿಯನ್ನೆಲ್ಲ ಎಳೆದುಕೊಂಡಿತು. ನೆಲಮಾಳಿಗೆಗಳಲ್ಲಿ ಅಡಗಿದ್ದವರು ಉಸಿರುಕಟ್ಟಿ ಸತ್ತರು. ಆ ಸರಣಿ ದಾಳಿಗಳಲ್ಲಿ ಸತ್ತವರು ಹತ್ತಿರ ಹತ್ತಿರ 40,000. ಅದೇ ವಾರ ಬ್ರಿಟಿಷ್ ಬಾಂಬರ್ ಪಡೆಯ ಲೆಕ್ಕಾಚಾರ ವಿಭಾಗಕ್ಕೆ ಕೆಲಸಕ್ಕೆ ಸೇರಿದ ಹತ್ತೊಂಬತ್ತರ ಹುಡುಗ ಫ್ರೀಮನ್ ಡೈಸನ್. ಮುಂದೆ ಜಗತ್ತಿನ ದೊಡ್ಡ ಭೌತವಿಜ್ಞಾನಿಗಳಲ್ಲಿ ಒಬ್ಬನಾದವನು. ಯುದ್ಧದ ಆರಂಭದಲ್ಲಿ ಯಾವ ಹಿಂಸೆಯೂ ಬೇಡ ಎಂದಿದ್ದವನು, ಆಮೇಲೆ ಊರುಗಳ ಮೇಲಿನ ಬಾಂಬು ಮಾತ್ರ ಬೇಡ ಎಂದ, ಆಮೇಲೆ ಯುದ್ಧ ಗೆಲ್ಲಲು ಬೇಕಾದರೆ ಇರಲಿ ಎಂದ, ಕೊನೆಗೆ ಅದು ಗೆಲ್ಲಲು ನೆರವಾಗುತ್ತಿಲ್ಲವೆಂದು ಗೊತ್ತಾದ ಮೇಲೂ ಕುಳಿತು ಲೆಕ್ಕ ಹಾಕುತ್ತಲೇ ಇದ್ದ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದುದನ್ನು ತಾನೇ ವರ್ಷಗಳ ನಂತರ ಬರೆದುಕೊಂಡಿದ್ದಾನೆ. ಕೃಪ ಬರೆದಿದ್ದರೆ ಹೀಗೆಯೇ ಬರೆಯುತ್ತಿದ್ದನೇನೋ. ಅಶ್ವತ್ಥಾಮನಿಗೆ ಕೃಷ್ಣನ ಶಾಪ ತಟ್ಟಿತು. ಕೃಪನಿಗೆ ಯಾವ ಶಾಪವೂ ಇಲ್ಲ. ಬೀಡಿಗೆ ಬೆಂಕಿ ಇಟ್ಟ ಅದೇ ಕೃಪ ಮುಂದೆ ಪರೀಕ್ಷಿತನಿಗೆ ಗುರುವಾದ.

ಡೈಸನ್ನನ ಮೇಲೆ ಸಿಟ್ಟಾಗುವುದು ಸುಲಭ. ಆದರೆ ಅವನ ಲೆಕ್ಕಗಳಲ್ಲಿ ಬಹಳಷ್ಟು ತಮ್ಮ ಹುಡುಗರ ಜೀವ ಉಳಿಸುವುದಕ್ಕಾಗಿ ಇದ್ದವು. ಆ ಬಾಂಬರ್ ಪಡೆಯಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಸತ್ತರು. ಕೆಳಗೆ ಸತ್ತವರ ಬಗ್ಗೆ ಮಾತಾಡುವಾಗ ಮೇಲಿಂದ ಉರಿದು ಬಿದ್ದ ಈ ಇಪ್ಪತ್ತರ ಆಸುಪಾಸಿನ ಹುಡುಗರನ್ನು ಬಿಟ್ಟು ಮಾತಾಡಿದರೆ ಅದು ಅರ್ಧ ಮಾತು.

ಲೆಕ್ಕ ಬಲ್ಲವರಷ್ಟೇ ಸಾಲಲಿಲ್ಲ, ಮನೆ ಕಟ್ಟಬಲ್ಲವರೂ ಬೇಕಾದರು. ಅಮೆರಿಕದ ಯೂಟಾ ಮರುಭೂಮಿಯ ಡಗ್‌ವೇ ಎಂಬಲ್ಲಿ 1943ರಲ್ಲಿ ಎರಡು ಹಳ್ಳಿಗಳು ಎದ್ದವು. ಒಂದರಲ್ಲಿ ಬರ್ಲಿನ್ನಿನ ಕೂಲಿಕಾರರ ಮನೆಗಳು, ಇನ್ನೊಂದರಲ್ಲಿ ಜಪಾನಿನ ಮರದ ಮನೆಗಳು. ಯಾರೂ ವಾಸಿಸದ ಆ ಮನೆಗಳೊಳಗೆ ಮಂಚ, ಮೇಜು, ಪರದೆ, ನೆಲಕ್ಕೆ ಜಪಾನಿ ಚಾಪೆ ಎಲ್ಲವನ್ನೂ ಜೋಡಿಸಿದರು, ಬೆಂಕಿಬಾಂಬು ಹಾಕಿ ಹೇಗೆ ಉರಿಯುತ್ತದೆಂದು ನೋಡಿದರು, ಮತ್ತೆ ಕಟ್ಟಿ ಮತ್ತೆ ಸುಟ್ಟರು. ಜರ್ಮನ್ ಮನೆಗಳಿಗೆ ನೆರವಾದ ವಾಸ್ತುಶಿಲ್ಪಿ ಎರಿಕ್ ಮೆಂಡೆಲ್‌ಸೋನ್, ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯೆಹೂದಿ. ಜಪಾನಿ ಮನೆಗಳಿಗೆ ಆಂಟೊನಿನ್ ರೇಮಂಡ್, ಜಪಾನಿನಲ್ಲಿ ವರ್ಷಗಟ್ಟಲೆ ಇದ್ದು ಮನೆ ಕಟ್ಟಿದವನು. ಒಂದು ಮನೆಯಲ್ಲಿ ಜನ ಎಲ್ಲಿ ಮಲಗುತ್ತಾರೆ, ಯಾವ ಮೂಲೆಯಲ್ಲಿ ಏನಿಡುತ್ತಾರೆ ಎಂದು ಅಕ್ಕರೆಯಿಂದ ಕಲಿತ ಜ್ಞಾನವೇ ಅದನ್ನು ಸುಡುವುದಕ್ಕೆ ಬೇಕಾಯಿತು.

ಜಪಾನಿನ ವಿಷಯದಲ್ಲೂ ಕತೆ ಬಟ್ ವರದಿಯ ದಾರಿಯಲ್ಲೇ ನಡೆಯಿತು. ಅಮೆರಿಕನ್ನರ ಬಿ-29 ವಿಮಾನಗಳು ಬಲು ಎತ್ತರದಿಂದ ಕಾರ್ಖಾನೆಗಳಿಗೆ ಗುರಿಯಿಟ್ಟರೆ ಮೋಡ ಮತ್ತು ಆ ಎತ್ತರದ ರಭಸದ ಗಾಳಿಗೆ ಬಾಂಬುಗಳು ಚೆದರಿ ಹೋಗುತ್ತಿದ್ದವು. ಆಗ ಬಂದವರು ಕರ್ಟಿಸ್ ಲೆಮೇ. ಈ ಜನರಲ್ ಜಪಾನಿನ ಕಡೆ ಹೋಗುವ ಮೊದಲು ನಮ್ಮ ಬಂಗಾಳದ ಖರಗ್‌ಪುರದಲ್ಲಿದ್ದರು. ಅಲ್ಲಿಂದ ಹಿಮಾಲಯ ದಾಟಿ ಚೀನಾದ ಚೆಂಗ್ಡುವಿಗೆ ಹೋಗಿ ಹಾರಿದ ಬಿ-29ಗಳು 1944ರ ಡಿಸೆಂಬರ್ 18ರಂದು ಜಪಾನೀಯರ ವಶದಲ್ಲಿದ್ದ ಹ್ಯಾಂಕೌ ಮೇಲೆ ಬೆಂಕಿಬಾಂಬು ಸುರಿದವು. ಹ್ಯಾಂಕೌ ಚೀನೀಯರ ಊರು, ಅಂದರೆ ಯಾರನ್ನು ಬಿಡಿಸಲು ಯುದ್ಧವೋ ಅವರದೇ ಊರು. ಅದು ಉರಿದದ್ದು ಲೆಮೇಗೆ ಪಾಠವಾಯಿತು. 1945ರ ಮಾರ್ಚ್ 9ರ ರಾತ್ರಿ ಸುಮಾರು 280 ವಿಮಾನಗಳು ಟೋಕಿಯೊ ಮೇಲೆ ತಗ್ಗಿನಲ್ಲಿ ಹಾರಿದವು. ಬೆಳಗಾಗುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಜನ ಸತ್ತಿದ್ದರು. 40 ಚದರ ಕಿಲೋಮೀಟರಿಗೂ ಹೆಚ್ಚು ಊರು ಬೂದಿಯಾಗಿತ್ತು. ಹಿರೋಶಿಮಾದ ಬಗ್ಗೆ ಲೋಕ ಕಣ್ಣೀರಿಡುತ್ತದೆ, ಇಡಬೇಕಾದ್ದೇ. ಆದರೆ ಅಣುಬಾಂಬು ಹೊಸ ನೀತಿಯನ್ನೇನೂ ತರಲಿಲ್ಲ. ಆಗಸ್ಟ್ ಬರುವಷ್ಟರಲ್ಲಿ ಊರು ಸುಡುವುದು ದಿನದ ಕೆಲಸವಾಗಿತ್ತು. ಅಣುಬಾಂಬಿಗೆ ಗುರಿಯಾಗಬೇಕಿದ್ದ ಊರುಗಳ ಪಟ್ಟಿಯಿಂದ ಅಮೆರಿಕದ ಯುದ್ಧಸಚಿವ ಸ್ಟಿಮ್ಸನ್ ಕ್ಯೋಟೊವನ್ನು ತೆಗೆಸಿದರು. ಹಿಂದೆ ಅಲ್ಲಿಗೆ ಹೋಗಿ ಆ ಊರನ್ನು ನೋಡಿದ್ದವರು ಅವರು. ಕ್ಯೋಟೊ ಹೋದ ಮೇಲೆ ಪಟ್ಟಿಗೆ ನಾಗಸಾಕಿ ಸೇರಿತು.

ಇನ್ನು ಅಶ್ವತ್ಥಾಮನ ವಾದಕ್ಕೆ ಬರೋಣ. ಅವರೇ ಶುರು ಮಾಡಿದರಲ್ಲವೇ? ನಿಜ. ಗೆರ್ನಿಕಾ, ವಾರ್ಸಾ, ರಾಟರ್‌ಡ್ಯಾಮ್, ಕೊವೆಂಟ್ರಿಗಳ ಮೇಲೆ ಬಾಂಬು ಹಾಕಿದವರು ಜರ್ಮನರು. ಚೀನಾದ ಚೊಂಗ್‌ಚಿಂಗ್ ಮೇಲೆ ವರ್ಷಗಟ್ಟಲೆ ಹಾಕಿದವರು ಜಪಾನೀಯರು. ಅವರ ಬಾಂಬು ವಿಶಾಖಪಟ್ಟಣ, ಕಲ್ಕತ್ತಗಳ ಮೇಲೂ ಬಿತ್ತು. ಆದರೆ ಹ್ಯಾಮರ್‌ಬ್ರೂಕಿನ ಮಗು ಕೊವೆಂಟ್ರಿಗೆ ಹಾರಿರಲಿಲ್ಲ. ಈ ಉತ್ತರ ಸಾಕು, ಹೆಚ್ಚು ಹೇಳಬೇಕಿಲ್ಲ.

ಗಟ್ಟಿಯಾದ ವಾದ ಬೇರೆಯೇ ಇದೆ. ಯುದ್ಧ ಒಂದು ದಿನ ಬೆಳೆದರೆ ಚೀನಾ, ಬರ್ಮಾ, ಜಾವಾಗಳಲ್ಲಿ ಜಪಾನೀಯರ ಕೈಯಡಿ ಸಾವಿರಾರು ಜನ ಸಾಯುತ್ತಿದ್ದರು. ಜಪಾನಿನ ನೆಲಕ್ಕೆ ಸೈನ್ಯ ಇಳಿದಿದ್ದರೆ ಎರಡೂ ಕಡೆ ಲಕ್ಷಗಟ್ಟಲೆ ಸಾವು. ಈ ತಕ್ಕಡಿಯನ್ನು ನಾನು ಹಗುರವಾಗಿ ತಳ್ಳಲಾರೆ. ಏಷ್ಯಾದ ಸಾವುಗಳನ್ನು ಮರೆತು ಹಿರೋಶಿಮಾಕ್ಕೆ ಮಾತ್ರ ಮರುಗುವುದು ನಮಗೆ ಒಪ್ಪುವುದೂ ಇಲ್ಲ. ಇದಕ್ಕೆ ನಾನು ಬಲ್ಲ ಅತಿ ಚೂಪಾದ ಉತ್ತರ ಎಲಿಜಬೆತ್ ಆನ್ಸ್‌ಕಮ್ ಎಂಬ ತತ್ವಶಾಸ್ತ್ರಜ್ಞೆಯದು. 1956ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ, ಅಣುಬಾಂಬು ಹಾಕಿಸಿದ ಅಮೆರಿಕದ ಮಾಜಿ ಅಧ್ಯಕ್ಷ ಟ್ರೂಮನ್‌ಗೆ ಗೌರವ ಪದವಿ ಕೊಡಲು ಹೊರಟಾಗ ಆಕೆ ಎದ್ದು ವಿರೋಧಿಸಿದರು. ಜೊತೆಗೆ ನಿಂತವರು ಬೆರಳೆಣಿಕೆ. ನಿರಪರಾಧಿಗಳನ್ನು ಕೊಲ್ಲುವುದನ್ನೇ ಸಾಧನವಾಗಿ ಆರಿಸಿಕೊಂಡರೆ ಅದು ಕೊಲೆ ಎಂದರು. ಇನ್ನೂ ಮುಂದೆ ಹೋಗಿ ತಕ್ಕಡಿಯ ಬುಡಕ್ಕೇ ಕೈಹಾಕಿದರು. ಬಾಂಬು ಇಲ್ಲವೇ ಲಕ್ಷಗಟ್ಟಲೆ ಸಾವು, ಎರಡರಲ್ಲೊಂದು ಎನ್ನುವ ಸ್ಥಿತಿ ತಾನಾಗಿ ಬಂದದ್ದಲ್ಲ. ಯಾವ ಷರತ್ತೂ ಇಲ್ಲದೆ ಶರಣಾಗಬೇಕೆಂದು ಪಟ್ಟು ಹಿಡಿದದ್ದರಿಂದ ಬಂತು. ಲೆಕ್ಕ ಸರಿಯಾಗಿಯೇ ಇರುತ್ತದೆ, ಲೆಕ್ಕ ಶುರುವಾಗುವ ಮುನ್ನವೇ ಯಾರೋ ಏನನ್ನೋ ತೀರ್ಮಾನ ಮಾಡಿಟ್ಟಿರುತ್ತಾರೆ. ಟ್ರೂಮನ್‌ಗೆ ಪದವಿ ಸಿಕ್ಕಿತು ಎಂದು ಬೇರೆ ಹೇಳಬೇಕಿಲ್ಲ.

ಬಾಂಬಿನಿಂದ ಪ್ರಯೋಜನವಾಯಿತೇ ಎಂದು ಕೆಲವರು ಕೇಳುತ್ತಾರೆ. ಜರ್ಮನಿಯ ಶಸ್ತ್ರ ತಯಾರಿಕೆ 1944ರ ನಡುವಿನವರೆಗೂ ಏರುತ್ತಲೇ ಇತ್ತು. ಆದರೆ ಈ ವಾದವನ್ನು ನಾನು ನೆಚ್ಚಿಕೊಳ್ಳುವುದಿಲ್ಲ. ಪ್ರಯೋಜನವಾಗಿದ್ದರೆ ಸರಿ ಎಂದು ಒಪ್ಪುತ್ತಿದ್ದೆವೇ?

ಈಗಿನ ಬಾಂಬು ಹೇಳಿದ ಕೋಣೆಯ ಕಿಟಕಿಗೇ ಹೋಗಬಲ್ಲದು. 1941ರ ನೆಪ ತೀರಿತು. ಆದರೂ ಅಲೆಪ್ಪೊ, ಮರಿಯುಪೋಲ್, ಗಾಜಾಗಳ ಚಿತ್ರ ಹ್ಯಾಂಬರ್ಗಿನ ಹಳೆಯ ಚಿತ್ರಗಳಂತೆಯೇ ಕಾಣುತ್ತದೆ. ಆಗ ಗುರಿ ಸಿಗುವುದಿಲ್ಲ ಎಂದು ಊರಿಗೆ ಹಾಕಿದರು. ಈಗ ಗುರಿ ಊರಿನೊಳಗೇ ಅಡಗಿದೆ ಎಂದು ಹಾಕುತ್ತಾರೆ. ಒಬ್ಬನನ್ನು ಕೊಲ್ಲುವಾಗ ಅಕ್ಕಪಕ್ಕದವರು ಎಷ್ಟು ಮಂದಿ ಸತ್ತರೆ ಪರವಾಗಿಲ್ಲ ಎಂಬ ಅಂಕಿಯನ್ನು ಯಾರೋ ಮೇಜಿನ ಮುಂದೆ ಕುಳಿತು ಮೊದಲೇ ಗೊತ್ತುಮಾಡುತ್ತಾರೆ. ಕೃಪನ ಜಾಗ ಖಾಲಿಯಿಲ್ಲ.

ಇದೆಲ್ಲ ದೂರದ ದೇಶಗಳ ಪಾಪ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 1966ರ ಮಾರ್ಚ್ 5ರಂದು ಮಿಜೋ ಬಂಡಾಯವನ್ನು ಅಡಗಿಸಲು ಭಾರತೀಯ ವಾಯುಪಡೆ ಐಜೋಲ್ ಪಟ್ಟಣದ ಮೇಲೆ ಗುಂಡು, ಬಾಂಬು ಸುರಿಯಿತು. ತನ್ನದೇ ಪ್ರಜೆಗಳು ಬಾಳುವ ಊರು ಅದು. ಅಲ್ಲಿನ ಜನ ಆ ದಿನವನ್ನು ಇಂದಿಗೂ ನೆನೆಯುತ್ತಾರೆ. ಕರ್ನಾಟಕದ ಯಾವ ಶಾಲೆಯ ಮಗುವೂ ಅದನ್ನು ಓದಿದ್ದನ್ನು ನಾನು ಕಂಡಿಲ್ಲ. 2023ರಲ್ಲಿ ಲೋಕಸಭೆಯಲ್ಲಿ ಆ ವಿಷಯ ಬಂತು, ಪಕ್ಷಗಳು ಒಂದರ ಮೇಲೊಂದು ಕೆಸರೆರಚುವುದಕ್ಕೆ. ಊರಿಗೆ ಊರನ್ನೇ ಒಂದು ಗುರಿಯೆಂದು ಎಣಿಸಿ ಬಾಂಬು ಹಾಕುವುದನ್ನು ನಿಷೇಧಿಸುವ ಜಿನೀವಾ ಒಪ್ಪಂದಗಳ ಹೆಚ್ಚುವರಿ ಪ್ರೋಟೊಕಾಲ್ 1977ರಲ್ಲಿ ಬಂದಿದೆ. ನೂರ ಎಪ್ಪತ್ತಕ್ಕೂ ಹೆಚ್ಚು ದೇಶಗಳು ಅದನ್ನು ಒಪ್ಪಿವೆ. ಅಮೆರಿಕ ಸಹಿ ಹಾಕಿಯೂ ಅನುಮೋದಿಸಿಲ್ಲ, ಇಸ್ರೇಲ್ ಸೇರಿಲ್ಲ, ಭಾರತವೂ ಸೇರಿಲ್ಲ. ಸೇರದಿರುವುದಕ್ಕೆ ಸರಕಾರದ ಬಳಿ ಕಾರಣಗಳಿರಬಹುದು. ಅವೇನೆಂದು ನಮ್ಮ ಸಂಸದರಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳಲಿ ಎಂದು ಬಯಸುತ್ತೇನೆ.